ಎಕ್ಸೆಲ್‌ನ ರೇಡಾರ್ ಚಾರ್ಟ್: ನಾಲ್ಕು ವರ್ಷ ಭತ್ತದ ತಳಿ ಹೋಲಿಸಿದ ಮೇಲೆ

ನಮ್ಮದು ಕಾರಟಗಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆ ನೀರಿನ ಗದ್ದೆ. ಬೆಳೆ ಮುಗಿದ ಮೇಲೆ ನಮ್ಮ ಗುಂಪಿನ ರೈತರ ಲೆಕ್ಕ ಬರೆದಿಡುವ ಕೆಲಸ ನನ್ನದು. ಎಕರೆಗೆ ಎಷ್ಟು ಚೀಲ, ಎಷ್ಟು ದಿನದ ಬೆಳೆ, ಬೆಂಕಿ ರೋಗ ತಡೆಯಿತಾ, ಗಾಳಿ ಮಳೆಗೆ ನಿಂತಿತಾ ಬಿತ್ತಾ, ನುಚ್ಚು ಎಷ್ಟು, ದರ ಎಷ್ಟು. ಆರು ವಿಷಯ, ಮೂರು ತಳಿ. ಪಟ್ಟಿ ಕೊಟ್ಟರೆ ಯಾರೂ ಕೊನೆಯ ಸಾಲಿನವರೆಗೆ ನೋಡುತ್ತಿರಲಿಲ್ಲ. ರೇಡಾರ್ ಚಾರ್ಟ್ ಅಂದರೆ ನಡುವಿನಿಂದ ಸುತ್ತಲೂ ಒಂದೊಂದು ವಿಷಯಕ್ಕೆ ಒಂದೊಂದು ಕಡ್ಡಿ, ಆ ಕಡ್ಡಿಗಳ ಮೇಲಿನ ಅಂಕಗಳನ್ನು ಸೇರಿಸಿ ತಳಿಗೊಂದು ಗೆರೆ. ಅದನ್ನು ತೋರಿಸಿದ ಮೊದಲ ದಿನ ಹಿರಿಯರೊಬ್ಬರು "ಇದೇನ್ ತಮ್ಮಾ, ಜೇಡರ ಬಲಿ ಇದ್ದಂಗ ಐತಿ" ಅಂದರು. ಎರಡೇ ನಿಮಿಷಕ್ಕೆ ಬಿಪಿಟಿ 5204 ತಳಿ ದರದ ಕಡೆ ಚಾಚಿಕೊಂಡು ರೋಗದ ಕಡೆ ಕುಗ್ಗಿದ್ದನ್ನು ತಾವೇ ಬೆರಳಿಟ್ಟು ತೋರಿಸಿದರು. ಆವತ್ತಿನಿಂದ ನಾನು ಇದನ್ನು ಬಿಟ್ಟಿಲ್ಲ.

ಚಾರ್ಟ್ ಹಾಕುವುದು ಸುಲಭ. ಪಟ್ಟಿ ಆಯ್ದುಕೊಂಡು ಇನ್ಸರ್ಟ್‌ಗೆ ಹೋಗಿ ರೇಡಾರ್ ಒತ್ತಿದರೆ ಆಯ್ತು. ಗೂಗಲ್ ಶೀಟ್ಸ್‌ನಲ್ಲೂ ಇದೆ, ಲಿಬ್ರೆ ಆಫೀಸ್‌ನಲ್ಲಿ ಇದರ ಹೆಸರು ನೆಟ್. ಒಳಗೆ ಬಣ್ಣ ತುಂಬಿದ ನಮೂನೆ ಬೇಡ, ಮುಂದಿನ ತಳಿ ಹಿಂದಿನದನ್ನು ಮುಚ್ಚಿಬಿಡುತ್ತದೆ. ಬರೀ ಗೆರೆ ಸಾಕು.

ನಿಜವಾದ ಕೆಲಸ ಇರುವುದು ಅದಕ್ಕೂ ಮೊದಲು. ಎಕ್ಸೆಲ್‌ನಲ್ಲಿ ಎಲ್ಲ ಕಡ್ಡಿಗೂ ಒಂದೇ ಅಳತೆ. 40 ಚೀಲ, 148 ದಿನ, ಎರಡು ಸಾವಿರದ ದರ ಹಾಗೇ ಹಾಕಿದರೆ ದರದ ಕಡ್ಡಿ ಬಿಟ್ಟು ಬೇರೇನೂ ಕಾಣುವುದಿಲ್ಲ. ಎಲ್ಲವನ್ನೂ ಹತ್ತಕ್ಕೆ ಇಳಿಸಬೇಕು. ಆದರೆ ಕಡಿಮೆ ಬಂದದ್ದಕ್ಕೆ ಸೊನ್ನೆ, ಜಾಸ್ತಿ ಬಂದದ್ದಕ್ಕೆ ಹತ್ತು ಅಂತ ಇಟ್ಟರೆ 38ಕ್ಕೂ 40ಕ್ಕೂ ಆಕಾಶ ಭೂಮಿ ವ್ಯತ್ಯಾಸ ಇದ್ದಂತೆ ಕಾಣುತ್ತದೆ, ಅದು ಸುಳ್ಳಲ್ವಾ? ನಾನು 50 ಚೀಲಕ್ಕೆ ಹತ್ತು ಅಂಕ ಅಂತ ಗಟ್ಟಿ ಮಾಡಿಕೊಂಡು ಐದರಿಂದ ಭಾಗಿಸುತ್ತೇನೆ.

ದಿನದ ಲೆಕ್ಕ ತಿರುಗಿಸಬೇಕು, ಕಡಿಮೆ ದಿನಕ್ಕೆ ಹೆಚ್ಚು ಅಂಕ, ಇದನ್ನು ಮರೆಯಬೇಡಿ. ಮೊದಲ ವರ್ಷ ನಾನು ಮರೆತಿದ್ದೆ, ಹೆಚ್ಚು ದಿನ ನೀರು ಬೇಡುವ ತಳಿಯೇ ಎಲ್ಲದರಲ್ಲೂ ಮುಂದೆ ಇದ್ದಂತೆ ಬಂತು. ಅದನ್ನು ನೋಡಿ ಒಬ್ಬರು ಬೀಜ ಕೊಳ್ಳಲು ಹೊರಟಿದ್ದರು, ಸದ್ಯ ಅಷ್ಟರಲ್ಲಿ ತಪ್ಪು ಕಣ್ಣಿಗೆ ಬಿತ್ತು. ಈಗ 160ರಲ್ಲಿ ದಿನ ಕಳೆದು ಆರರಿಂದ ಭಾಗಿಸುತ್ತೇನೆ. 148 ದಿನದ ಬಿಪಿಟಿಗೆ 2 ಅಂಕ, 124 ದಿನಕ್ಕೆ ಬಂದ ಆರ್‌ಎನ್‌ಆರ್ 15048ಕ್ಕೆ 6. ನುಚ್ಚಿಗೂ ಹೀಗೇ.

ಇನ್ನೊಂದು ಮಾತು, ಚಾರ್ಟ್ ಎಷ್ಟು ಅಗಲ ಇದೆ ಅಂತ ನೋಡಿ ತಳಿ ಆರಿಸಬೇಡಿ. ಎಲ್ಲ ಅಂಕ ಎರಡು ಪಟ್ಟಾದರೆ ಒಳಗಿನ ಜಾಗ ನಾಲ್ಕು ಪಟ್ಟಾಗುತ್ತದೆ, ಕಡ್ಡಿಗಳ ಸಾಲು ಬದಲಿಸಿದರೂ ಅದೇ ಅಂಕಗಳಿಗೆ ಬೇರೆ ಆಕಾರ ಬರುತ್ತದೆ. ಅದಕ್ಕೇ ನಾಲ್ಕು ವರ್ಷದಿಂದ ನಾನು ಸಾಲು ಬದಲಿಸಿಲ್ಲ, ಕಡ್ಡಿಯ ಅಳತೆ ಸೊನ್ನೆಯಿಂದಲೇ ಶುರುವಾಗುವಂತೆ ಇಟ್ಟಿದ್ದೇನೆ. ಮೂರು ತಳಿಗಿಂತ ಜಾಸ್ತಿ ಹಾಕಿದರೆ ಗೆರೆಗಳು ಸಿಕ್ಕಾಗುತ್ತವೆ. ಆಗ ಒಂದೊಂದು ತಳಿಗೆ ಒಂದೊಂದು ಸಣ್ಣ ಚಾರ್ಟ್ ಮಾಡಿ ಪಕ್ಕ ಪಕ್ಕ ಇಡುವುದೇ ವಾಸಿ.

ಹೆಸರುಗಳನ್ನು ಯೂನಿಕೋಡ್‌ನಲ್ಲೇ ಬರೆಯಿರಿ. ಹಳೇ ನುಡಿ ಫಾಂಟ್‌ನಲ್ಲಿ ಬರೆದ ಫೈಲ್ ಬೇರೆಯವರ ಫೋನಿನಲ್ಲಿ ಸುಮ್ನೆ ಇಂಗ್ಲಿಷ್ ಅಕ್ಷರದ ರಾಶಿಯಾಗಿ ತೆರೆಯುತ್ತದೆ. ಜೆರಾಕ್ಸ್ ಹಾಕಿಸುವುದಾದರೆ ಒಂದು ಗೆರೆ ಗಟ್ಟಿ, ಒಂದು ತುಂಡು ತುಂಡು, ಒಂದು ಚುಕ್ಕಿ ಇರಲಿ, ಕಪ್ಪು ಬಿಳುಪಿನಲ್ಲಿ ಬಣ್ಣ ಉಳಿಯುವುದಿಲ್ಲ. ಚಾರ್ಟ್ ಕೆಳಗೆ ನಿಜವಾದ ಚೀಲ, ದಿನ, ದರದ ಪಟ್ಟಿಯನ್ನೂ ಅಂಟಿಸುತ್ತೇನೆ. ಬೀಜ ತರಲು ಹೋಗುವವರು ಮಡಚಿ ಜೇಬಿಗಿಟ್ಟುಕೊಳ್ಳುವುದು ಆ ಹಾಳೆಯನ್ನೇ.