ಆರ್ಕಿಡ್ ಪಾಲಿಹೌಸ್‌ಗೆ ಸೌದೆ ಒಲೆ: ಪೆಟ್ಟಿಗೆ ಗಟ್ಟಿ, ಚಿಮಣಿ ಕಳಪೆ

ಬೆಂಗಳೂರಿನಲ್ಲಿ ಪಾಲಿಹೌಸ್‌ಗೆ, ಅಂದರೆ ಪಾಲಿಥಿನ್ ಹೊದಿಸಿದ ಗಿಡಗಳ ಮನೆಗೆ, ಒಲೆ ಹಾಕಿಸುತ್ತೇನೆಂದರೆ ಕೇಳಿದವರು ನಗುವುದು ಸಹಜ. ಗುಲಾಬಿ, ಜರ್ಬೆರಾ, ದೊಣ್ಣೆಮೆಣಸು ಬೆಳೆಯುವವರ ಮಟ್ಟಿಗೆ ಆ ನಗು ನ್ಯಾಯವೂ ಹೌದು. ಅವರನ್ನು ಕಾಡುವುದು ಏಪ್ರಿಲ್‌ನ ಬಿಸಿಲೇ ಹೊರತು ಜನವರಿಯ ಚಳಿಯಲ್ಲ. ಫಲಾನಾಪ್ಸಿಸ್ ಆರ್ಕಿಡ್‌ನ ಮಾತು ಬೇರೆ. ರಾತ್ರಿಯ ತಾಪಮಾನ 16 ಡಿಗ್ರಿಗಿಂತ ಕೆಳಗಿಳಿಯುತ್ತಾ ಬಂದರೆ ಅದರ ಬೆಳವಣಿಗೆ ಕುಂಠಿತವಾಗುತ್ತದೆ, ಹೆಸರಘಟ್ಟದ ಬಯಲಿನಲ್ಲಿ ಚಳಿಗಾಲದ ಬೆಳಗಿನ ಜಾವ ಅಷ್ಟು ತಣ್ಣಗಾಗುವುದು ಅಪರೂಪವೇನಲ್ಲ, ಒಂದೇ ಪದರದ ಪಾಲಿಥಿನ್ ಹೊದಿಕೆಯಂತೂ ಹಗಲಿನ ಕಾವನ್ನು ಅಲ್ಲಿಯವರೆಗೆ ಹಿಡಿದಿಡುವುದಿಲ್ಲ.

ಪೀಣ್ಯದ ಫ್ಯಾಬ್ರಿಕೇಶನ್ ಶೆಡ್ಡೊಂದರಲ್ಲಿ 5 ಎಂಎಂ ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟಿನಿಂದ ಮಾಡಿಸಿದ ಈ ಒಲೆಯ ಪೆಟ್ಟಿಗೆಯಲ್ಲಿ ಹೆಸರಿಡುವಂಥ ದೋಷವಿಲ್ಲ. ವೆಲ್ಡಿಂಗ್ ಅಚ್ಚುಕಟ್ಟಾಗಿದೆ, ಬಾಗಿಲಿನ ಅಂಚಿಗೆ ಗ್ಲಾಸ್ ಫೈಬರ್ ಹಗ್ಗ ಕೂರಿಸಿರುವುದರಿಂದ ಅಲ್ಲಿ ಹೊಗೆ ಸೋರುವುದಿಲ್ಲ, ಉರಿಗೆ ಬೇಕಾದ ಗಾಳಿಯನ್ನು ಹೊರಗಿನಿಂದಲೇ ತರುವ ಕೊಳವೆಯನ್ನು ಕೇಳದೆಯೇ ಜೋಡಿಸಿಕೊಟ್ಟಿದ್ದಾರೆ.

ದೂರೆಲ್ಲ ಚಿಮಣಿಯದು. ಮೇಲಿನ ಕೊಳವೆಯ ತುದಿ ಕೆಳಗಿನದರ ಒಳಗೆ ಕೂರಬೇಕು. ಆಗ ಹೊಗೆ ತಣ್ಣಗಾಗಿ ಇಳಿಯುವ ಟಾರು ಒಳಗೊಳಗೇ ಹರಿದು ಒಲೆಗೆ ಮರಳುತ್ತದೆ. ಶೆಡ್ಡಿನವರು ತಿರುವುಮುರುವು ಜೋಡಿಸಿದ್ದರಿಂದ ಆ ಕಪ್ಪು ರಸ ಜೋಡಣೆಯ ಸಂದಿನಲ್ಲಿ ಒಸರಿ, ಕೆಳಗಿದ್ದ ಕುಂಡಗಳ ಎಲೆಗಳ ಮೇಲೆ ಚುಕ್ಕೆಚುಕ್ಕೆಯಾಗಿ ಬಿದ್ದಿತು. “ಹೊಗೆ ಮೇಲಕ್ಕೇ ತಾನೇ ಸಾರ್ ಹೋಗೋದು, ಹೆಂಗೆ ಹಾಕಿದ್ರೂ ಒಂದೇ” ಎಂಬ ಸಮಜಾಯಿಷಿ ಬಂತು. ಖಂಡಿತ ಒಂದೇ ಅಲ್ಲ. ಸರಿಯಾಗಿ ಉರಿಯದ ಸೌದೆಯ ಹೊಗೆಯಲ್ಲಿ ಬಾಳೆಕಾಯಿಯನ್ನು ಹಣ್ಣುಮಾಡುವ ಎಥಿಲೀನ್ ಅನಿಲವೇ ಇರುತ್ತದೆ. ಅದು ತೀರ ಅಲ್ಪ ಪ್ರಮಾಣದಲ್ಲಿ ಸೋರಿದರೂ ಆರ್ಕಿಡ್ ಮೊಗ್ಗು ಹಳದಿಗಟ್ಟಿ ಉದುರುತ್ತದೆ. ಒಳಗೆ ಕೆಲಸ ಮಾಡುವವರಿಗೆ ಕಾರ್ಬನ್ ಮಾನಾಕ್ಸೈಡ್‌ನ ಅಪಾಯ ಬೇರೆ. ಕೊಳವೆ ಹೊದಿಕೆಯನ್ನು ದಾಟುವಲ್ಲಿ ಅಗಲವಾದ ಜಿಐ (ಸತು ಲೇಪಿಸಿದ ಕಬ್ಬಿಣದ) ತಗಡು ಹಾಕದಿದ್ದರೆ ಪಾಲಿಥಿನ್ ಕರಗುತ್ತದೆ. ಅದನ್ನೂ ಹೇಳಿಯೇ ಮಾಡಿಸಬೇಕಾಯಿತು.

ಉರುವಲಿನ ಖರ್ಚು ಹೆದರಿಸುವಷ್ಟಿಲ್ಲ. ಸುಮಾರು 100 ಚದರ ಮೀಟರ್ ಹೊದಿಕೆಯ ಚಿಕ್ಕ ಪಾಲಿಹೌಸನ್ನು ಹೊರಗಿಗಿಂತ 5 ಡಿಗ್ರಿ ಬೆಚ್ಚಗಿಡಲು 3 ಕಿಲೋವ್ಯಾಟ್‌ನಷ್ಟು ಕಾವು ಬೇಕು. ಒಣ ಸೌದೆ ಕಿಲೋಗೆ ಹೆಚ್ಚುಕಡಿಮೆ 4 ಯೂನಿಟ್ ಶಕ್ತಿ ಕೊಡುತ್ತದೆ, ಚಿಮಣಿಯಲ್ಲಿ ಹೋಗುವುದನ್ನು ಕಳೆದರೂ ಗಂಟೆಗೆ ಒಂದು ಒಂದೂವರೆ ಕಿಲೋ ಸಾಕು. ಒಣಗಿದ ಸರ್ವೆ ಸೌದೆ ಉತ್ತಮ. ರಸ್ತೆ ಬದಿಯಲ್ಲಿ ಕಡಿದು ಹಾಕಿದ ಹಸಿ ಕೊಂಬೆ ಪುಕ್ಕಟೆ ಸಿಕ್ಕರೂ ಬೇಡ. ಅದರ ಕಾವೆಲ್ಲ ನೀರು ಆರಿಸುವುದರಲ್ಲೇ ಮುಗಿದು, ಉಳಿಯುವುದು ಟಾರು.

ನಡುರಾತ್ರಿ ಎದ್ದು ಸೌದೆ ತುರುಕುವ ಕೆಲಸ ತಪ್ಪಬೇಕಾದರೆ ಒಲೆಯ ಪಕ್ಕ ನೀರಿನ ಡ್ರಮ್‌ಗಳಿರಬೇಕು. 200 ಲೀಟರ್ ನೀರು 10 ಡಿಗ್ರಿ ಆರುವಷ್ಟರಲ್ಲಿ 2 ಯೂನಿಟ್‌ಗಿಂತ ಹೆಚ್ಚು ಕಾವು ಬಿಡುತ್ತದೆ. ಶೆಡ್ಡಿನವರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಬದಲಿಗೆ ಇನ್ನೂ ದೊಡ್ಡ ಒಲೆ ತೋರಿಸುತ್ತಾರೆ. ಆರ್ಕಿಡ್ ಬೆಳೆಯುವವರು ಪೆಟ್ಟಿಗೆಯನ್ನು ಇವರಲ್ಲೇ ಕೊಳ್ಳಬಹುದು; ಚಿಮಣಿಯನ್ನು ಮಾತ್ರ ಬೇಕರಿ ಒಲೆಗಳಿಗೆ ಕೊಳವೆ ಕೂರಿಸಿ ಅನುಭವವಿರುವವರಿಂದ ಮಾಡಿಸುವುದು ಲೇಸು.