ಪ್ರೈಮ್95: ಕಲಬುರಗಿ ಬಿಸಲಾಗ ಓಡಿಸಿ ನೋಡಿದ ರಿವ್ಯೂ

ಜನ ತಮ್ಮ ತಮ್ಮ ಕಂಪ್ಯೂಟರ್ ಹಚ್ಚಿ ದೊಡ್ಡ ದೊಡ್ಡ ಅವಿಭಾಜ್ಯ ಸಂಖ್ಯೆ ಹುಡುಕೋ ಗಿಂಪ್ಸ್ ಪ್ರಾಜೆಕ್ಟಿನ ಸಾಫ್ಟ್‌ವೇರ್ ಇದು. ಫ್ರೀ ಅದ, 1996ರಾಗ ಜಾರ್ಜ್ ವೋಲ್ಟ್‌ಮನ್ ಶುರು ಮಾಡಿದ್ದು. ಜಿಪ್ ಬಿಚ್ಚಿ ಓಪನ್ ಮಾಡಿದ್ರ ಗಿಂಪ್ಸ್ ಸೇರ್ತೀರೋ ಬರೇ ಸ್ಟ್ರೆಸ್ ಟೆಸ್ಟ್ (ಮಷೀನ್ ಪೂರ್ತಿ ಭಾರ ತಡೀತದೋ ಇಲ್ಲೋ ನೋಡೋದು) ಮಾಡ್ತೀರೋ ಅಂತ ಕೇಳ್ತದ. ಪಿಸಿ ಜೋಡಿಸೋ ಹುಡುಗ್ರಿಗೆಲ್ಲ ಎರಡನೇದೇ ಗೊತ್ತು, ಖರೇ ಮಜಾ ಇರೋದು ಮೊದಲನೇದರಾಗ.

ಸೇರಿದ್ರ ಸರ್ವರ್ ನಿಮಗೊಂದು ಘಾತಾಂಕ ಕೊಡ್ತದ, 2ನ್ನ ಆ ಘಾತಕ್ಕ ಏರಿಸಿ 1 ಕಳೆದ್ರ ಬರೋದೇ ಮರ್ಸೆನ್ ಸಂಖ್ಯೆ. ಅದು ಅವಿಭಾಜ್ಯ ಆಗ್ಬೇಕಂದ್ರ ಘಾತಾಂಕ ಅವಿಭಾಜ್ಯ ಇರಲೇಬೇಕು, ಇದ್ರೂ ಗ್ಯಾರಂಟಿ ಇಲ್ಲ, 11 ಹಾಕಿದ್ರ 2047 ಬರ್ತದ, ಅದು 23 ಗುಣಿಸು 89. ಆದ್ರ ಚೆಕ್ ಮಾಡೋ ದಾರಿ ಏನ್ ಚಂದ ಅದ ಅಂತೀರಿ! 4ರಿಂದ ಶುರು ಮಾಡ್ರಿ, ವರ್ಗ ಮಾಡಿ 2 ಕಳೀರಿ, ನಿಮ್ಮ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಕೊಳ್ರಿ, ಮತ್ತ ಅದನ್ನೇ ಮಾಡ್ರಿ, ಒಟ್ಟು ಘಾತಾಂಕಕ್ಕಿಂತ 2 ಕಡಿಮಿ ಸಲ. 31ಕ್ಕ (2ರ ಘಾತ 5 ಮೈನಸ್ 1) ಹಾಳಿ ಮ್ಯಾಲ ಮಾಡಿದ್ರ 4, 14, 8, ಆಮ್ಯಾಲ 0. ಕೊನಿಗೆ ಸೊನ್ನಿ ಬಂತಂದ್ರ ಅವಿಭಾಜ್ಯ, ಮುಗೀತು. ನಮ್ಮ ಅಕ್ಕನ ಮಗಳು ಹತ್ತನೇ ಕ್ಲಾಸು, ಕ್ಯಾಲ್ಕುಲೇಟರ್ ಇಲ್ದ ಮಾಡಿದ್ಲು. ಲ್ಯೂಕಾಸ್-ಲೆಮರ್ ಟೆಸ್ಟ್ ಅಂತಾರ ಇದಕ್ಕ. 2024ರ ಅಕ್ಟೋಬರ್‌ದಾಗ ಲ್ಯೂಕ್ ಡ್ಯುರಾಂಟ್ ಅನ್ನೋರಿಗೆ ಸಿಕ್ಕ ಸಂಖ್ಯೆ 2ರ ಘಾತ 136279841 ಮೈನಸ್ 1, ಅಂಕಿ 4,10,24,320, ಅದಕ್ಕೂ ಇದೇ ಲೆಕ್ಕ ನಡೀತದ, ಸುತ್ತು ಮಾತ್ರ 13 ಕೋಟಿ ಮ್ಯಾಲ. ಇಂಥ ಒಂದೊಂದು ಅವಿಭಾಜ್ಯಕ್ಕೂ ಒಂದು ಪರಿಪೂರ್ಣ ಸಂಖ್ಯೆ (ತನ್ನನ್ನ ಬಿಟ್ಟು ಉಳಿದ ಭಾಜಕ ಎಲ್ಲ ಕೂಡಿಸಿದ್ರ ತಾನೇ ಬರೋ ಸಂಖ್ಯೆ) ಜೋಡಿ ಇರ್ತದ, 31ಕ್ಕ 496.

ಈಗ ಹೊಸಾ ಘಾತಾಂಕಕ್ಕ ಮೊದಲು ಪಿಆರ್‌ಪಿ ಅನ್ನೋ ಟೆಸ್ಟ್ ಓಡ್ತದ, ಸಂಖ್ಯೆ ಅವಿಭಾಜ್ಯ ಇರಬಹುದೋ ಇಲ್ಲೋ ಅಂತ ಹೇಳೋದು. ನಡುವ ಲೆಕ್ಕ ತಪ್ಪಿದ್ರ ಅದೇ ಹಿಡಿದು ಹಿಂದ ಹೋಗಿ ಮತ್ತ ಮಾಡ್ತದ. ನಮ್ಮ ಕಡಿ ಇದು ಭಾಳ ಮುಖ್ಯ ನೋಡ್ರಿ, ಬ್ಯಾಸಗ್ಯಾಗ ಹೊರಗ 42-43 ಡಿಗ್ರಿ, ಇದು ಸಿಪಿಯು ಪೂರ್ತಿ ಹಿಂಡ್ತದ, ಕಾದ ಮಷೀನ್ ತಪ್ಪು ಮಾಡೋದು ಸಹಜ. ಲ್ಯಾಪ್‌ಟಾಪಿನಾಗ ಬ್ಯಾಡೇ ಬ್ಯಾಡ. ಡೆಸ್ಕ್‌ಟಾಪ್ ಇದ್ರ ಕೋರ್ ಕಡಿಮಿ ಮಾಡಿ ರಾತ್ರಿ ಹಚ್ರಿ, ಕೂಲರಿನ ಹಸಿ ಗಾಳಿ ಸೀದಾ ಕ್ಯಾಬಿನೆಟ್‌ಗೆ ಬಡೀಲಾರದಂಗ ಇಡ್ರಿ. ಕರೆಂಟ್ ಹೋದ್ರ ಚಿಂತಿಲ್ಲ, ಆಗಾಗ ತಾನೇ ಸೇವ್ ಮಾಡ್ತಿರ್ತದ, ಬಂದಮ್ಯಾಲ ಅಲ್ಲಿಂದಲೇ ಶುರು. ಕೊನಿಗೆ ಲೆಕ್ಕ ಸರಿ ಮಾಡೀವಿ ಅನ್ನೋದಕ್ಕ ಪ್ರೂಫ್ ಫೈಲ್ ಸರ್ವರ್‌ಗೆ ಕಳಿಸ್ಬೇಕು, ಅದು ನೂರು ಎಂಬಿ ದಾಟ್ತದ, ಮೊಬೈಲ್ ಡೇಟಾದಾಗ ಕಷ್ಟ.

ಸ್ಕ್ರೀನ್ ನೋಡ್ಲಿಕ್ಕ ಹಳೇ ಕಾಲದ್ದು, ಕನ್ನಡ ಇಲ್ಲ. ಒಂದು ಸ್ಟಾರ್ ಅದಕ್ಕ ಕಟ್, ನಾಲ್ಕು ಕೊಡ್ತೀನಿ. ಈ ಸಂಖ್ಯೆ ಬ್ಯಾಂಕ್ ಸೆಕ್ಯೂರಿಟಿಗೆ ಬೇಕು ಅಂತ ಕೆಲವರು ಹೇಳ್ತಾರ, ಹಂಗಿಲ್ರಿ, ಅಲ್ಲಿ ಬಳಸೋ ಅವಿಭಾಜ್ಯಗಳು ಮುನ್ನೂರು ಚಿಲ್ಲರ ಅಂಕಿಯವು, ಅದೂ ಗುಟ್ಟಾಗಿರಬೇಕು. ಸಿಗೋ ಚಾನ್ಸೂ ಭಾಳ ಕಡಿಮಿ, ಇಲ್ಲಿತನಕ ಜಗತ್ತಿನಾಗ ಸಿಕ್ಕಿದ್ದೇ 52. ಹಂಗಂತ ಬಿಡಬ್ಯಾಡ್ರಿ, ನಿಮ್ಮ ಸಂಖ್ಯೆ ಅವಿಭಾಜ್ಯ ಅಲ್ಲ ಅಂತ ಬಂದ್ರೂ ಆ ಫಲಿತಾಂಶ ನಿಮ್ಮ ಯೂಸರ್ ಹೆಸರಿಗೇ ದಾಖಲಾಗ್ತದ. ಮಳಿಗಾಲ ಹಿಡೀತಂದ್ರ ನಾ ಮತ್ತೊಂದು ಘಾತಾಂಕ ತಗೋತೀನಿ.