ಕಾಡಿನ ಕೆಸರೋ, ಸರೋವರದ ದಡವೋ: ಗ್ಲಾಸ್ಗೋ ಪಕ್ಕದ ಮೂರು ಸೈಕಲ್ ದಾರಿಗಳು

ಕೆಲಸಕ್ಕೋ ಓದಿಗೋ ಬೆಂಗಳೂರಿನಿಂದ ಗ್ಲಾಸ್ಗೋಗೆ ಬಂದವರು ಸೈಕಲ್ ಕೊಂಡ ಮೇಲೆ ಕೇಳುವುದು ಒಂದೇ ಪ್ರಶ್ನೆ: ‘ಮೌಂಟನ್ ಬೈಕ್ ತಗೊಂಡಿದ್ದೀನಿ, ಎಲ್ಲಿ ಓಡಿಸ್ಲಿ?’ ಯಾರನ್ನು ಕೇಳಿದರೂ ಲಾಕ್ ಲೋಮಂಡ್ ಸರೋವರ ಅನ್ನುತ್ತಾರೆ. ಹೆಸರು ದೊಡ್ಡದು, ಫೋಟೊ ಚೆನ್ನಾಗಿ ಬರುತ್ತದೆ, ರೈಲು ನೇರವಾಗಿ ಹೋಗುತ್ತದೆ. ಆದರೆ ದಪ್ಪ ಟಯರಿಗೆ, ಸಸ್ಪೆನ್ಶನ್ನಿಗೆ ಅಂತ ಜಾಸ್ತಿ ದುಡ್ಡು ಕೊಟ್ಟವರಿಗೆ ಅಲ್ಲಿ ಆ ದುಡ್ಡು ದಂಡ.

ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಮೌಂಟನ್ ಬೈಕಿಂಗ್ ಬೇಕಾದರೆ ಮಗ್ಡಾಕ್ ಕಾಡು. ದಿನವಿಡೀ ನೀರಿನ ಪಕ್ಕ ಸುತ್ತಬೇಕಾದರೆ ಲಾಕ್ ಕ್ಯಾಟ್ರಿನ್ ಸರೋವರ. ಲೋಮಂಡ್ ದಡದ ದಾರಿ ಪೂರ್ತಿ ಬೇಡ, ಕೊನೆಯ ತುಂಡು ಸಾಕು. ಮೂರನ್ನೂ ಒಂದೇ ಸೈಕಲ್ಲಿನಲ್ಲಿ ಓಡಿಸಿ ನೋಡಿದ್ದೇನೆ. ಮುಂದೆ ಮಾತ್ರ ಸಸ್ಪೆನ್ಶನ್ ಇರುವ, ಸಾಧಾರಣ ಬೆಲೆಯ ಹಾರ್ಡ್‌ಟೇಲ್ ಅದು.

ಮಗ್ಡಾಕ್ ಕಂಟ್ರಿ ಪಾರ್ಕ್ ಇರುವುದು ಮಲ್ಗೈ ಪಕ್ಕದಲ್ಲಿ. ಬೋರ್ಡಿನಲ್ಲಿ ಮಿಲ್ನ್‌ಗೇವಿ ಅಂತ ಓದಿಕೊಂಡು ಟಿಕೆಟ್ ಕೇಳಬೇಡಿ, ಎದುರಿನವರು ನಗುತ್ತಾರೆ. ಗ್ಲಾಸ್ಗೋದಿಂದ ಬರುವ ರೈಲಿಗೆ ಇದೇ ಕೊನೆ. ವೆಸ್ಟ್ ಹೈಲ್ಯಾಂಡ್ ವೇ ಎಂಬ 96 ಮೈಲಿಯ ಪ್ರಸಿದ್ಧ ಕಾಲುದಾರಿ ಶುರುವಾಗುವುದೂ ಈ ಊರಿನ ಪೇಟೆಯಲ್ಲೇ. ಆ ದಾರಿ ಹಿಡಿದು ಹೊರಟರೆ ಅರ್ಧ ಗಂಟೆಯೊಳಗೆ ಮಗ್ಡಾಕ್ ಕಾಡಿನ ಒಳಗಿರುತ್ತೀರಿ.

ಇಲ್ಲಿ ಓಕ್ ಮರಗಳ ಹಳೆಯ ಕಾಡಿದೆ. ಬೇರುಗಳು ದಾರಿಗೆ ಅಡ್ಡವಾಗಿ ಮಲಗಿರುತ್ತವೆ. ಮಳೆ ಬಿದ್ದ ಮೇಲೆ ಅವುಗಳ ಸಿಪ್ಪೆಗೆ ಹಸಿರು ಪಾಚಿ ಹತ್ತಿ ಸೋಪು ಸವರಿದ ಹಾಗಾಗುತ್ತದೆ. ಇಂಥ ಬೇರಿನ ಮೇಲೆ ಓರೆಯಾಗಿ ಹೋದರೆ ಮುಂದಿನ ಚಕ್ರ ಕೈಬಿಟ್ಟಂತೆಯೇ. ಮಾಡಬೇಕಾದದ್ದು ಇಷ್ಟೆ: ಬೇರು ಬರುವ ಮೊದಲೇ ಬ್ರೇಕ್ ಹಿಡಿದು ವೇಗ ಇಳಿಸಿ, ಬೇರಿನ ಮೇಲೆ ಹೋಗುವಾಗ ಬ್ರೇಕ್ ಪೂರ್ತಿ ಬಿಡಿ, ಸೀಟಿನಿಂದ ಎದ್ದು ಪೆಡಲ್ ಮೇಲೆ ನಿಂತು, ಚಕ್ರ ನೇರವಾಗಿ ದಾಟುವಂತೆ ನೋಡಿಕೊಳ್ಳಿ. ಬೆಂಗಳೂರಿನ ತುರಹಳ್ಳಿಯಲ್ಲಿ ಒಣ ಮಣ್ಣು, ಬಂಡೆಗಳ ಮೇಲೆ ಕಲಿತು ಬಂದವರಿಗೆ ಇದು ತಿರುಗಾ ಮುರುಗಾ ಅನ್ನಿಸುತ್ತದೆ. ಅಲ್ಲಿ ಬಂಡೆ ಸಿಕ್ಕರೆ ಹಿಡಿತ ಸಿಕ್ಕಿತು ಅಂತ ನೆಮ್ಮದಿ. ಇಲ್ಲಿ ಕೆಸರೇ ಎಷ್ಟೋ ವಾಸಿ, ಕಲ್ಲು ಮತ್ತು ಬೇರಿಗೆ ಹೆದರಬೇಕು.

ಕಾಡು ದಾಟಿ ಮೇಲೆ ಹತ್ತಿದರೆ ಮಗ್ಡಾಕ್ ಕೋಟೆ ಕಾಣುತ್ತದೆ. 14ನೇ ಶತಮಾನದ್ದು, ಗ್ರೇಹಮ್ ಮನೆತನದವರದು. ಈಗ ಉಳಿದಿರುವುದು ಒಂದು ಗೋಪುರ, ಒಂದಷ್ಟು ಗೋಡೆ. ಕೆಳಗೆ ಜೊಂಡು ತುಂಬಿದ ಸಣ್ಣ ಕೆರೆ. ನನಗೆ ಕೋಟೆಗಿಂತ ಹಿಡಿಸಿದ್ದು ಎರಡನೇ ಮಹಾಯುದ್ಧದ ಕಾಲದ ವಿಮಾನ ಹೊಡೆಯುವ ಫಿರಂಗಿಗಳ ಕಾಂಕ್ರೀಟು ನೆಲೆಗಳು. 1941ರ ಮಾರ್ಚಿನಲ್ಲಿ ಜರ್ಮನ್ ವಿಮಾನಗಳು ಬಾಂಬು ಸುರಿದ ಕ್ಲೈಡ್‌ಬ್ಯಾಂಕ್ ಇಲ್ಲಿಂದ ದೂರವೇನಿಲ್ಲ. ಈಗ ಆ ಫಿರಂಗಿ ನೆಲೆಗಳಲ್ಲಿ ಹುಲ್ಲು ಬೆಳೆದಿದೆ. ನಾಯಿ ಕರೆದುಕೊಂಡು ಬಂದವರು ಅಡ್ಡಾಡುತ್ತಾರೆ.

ನಾಯಿಗಳು, ಕುದುರೆ ಸವಾರರು, ಮಕ್ಕಳ ಗಾಡಿ ತಳ್ಳುವವರು, ಇದೇ ಮಗ್ಡಾಕ್‌ನ ತಲೆನೋವು. ಭಾನುವಾರ ಹತ್ತು ಗಂಟೆಯ ಮೇಲೆ ಹೋದರೆ ಓಡಿಸುವುದಕ್ಕಿಂತ ಬೆಲ್ ಹೊಡೆಯುವುದೇ ಜಾಸ್ತಿ. ಸೈಕಲ್ಲಿಗೆ ಹಕ್ಕೇನೋ ಇದೆ. 2003ರ ಭೂಸುಧಾರಣಾ ಕಾಯ್ದೆ ಬಂದ ಮೇಲೆ ಸ್ಕಾಟ್ಲೆಂಡಿನ ಬಹುಪಾಲು ಕಾಡು, ಬಯಲು, ನೀರಿನ ದಡದಲ್ಲಿ ನಡೆಯುವವರಂತೆ ಸೈಕಲ್‌ನವರೂ ಓಡಾಡಬಹುದು, ಜವಾಬ್ದಾರಿಯಿಂದ ನಡೆದುಕೊಂಡರೆ ಸಾಕು. ಇಂಗ್ಲೆಂಡಿನಲ್ಲಿ ಈ ಭಾಗ್ಯವಿಲ್ಲ. ಆದರೂ ಕುದುರೆ ಎದುರು ಬಂದಾಗ ಹಕ್ಕಿನ ಮಾತು ಆಡಬೇಡಿ, ಇಳಿದು ನಿಂತುಬಿಡಿ. ವಾರದ ದಿನ ಸಂಜೆ ಹೋದರೆ ಈ ಗೋಳು ಇರುವುದಿಲ್ಲ. ಜೂನ್‌ನಲ್ಲಿ ಹತ್ತು ಗಂಟೆಯವರೆಗೂ ಬೆಳಕಿರುತ್ತದಲ್ವಾ?

ಪಾರ್ಕು ಸಣ್ಣದಾಯಿತು ಅನ್ನಿಸಿದರೆ ವೆಸ್ಟ್ ಹೈಲ್ಯಾಂಡ್ ವೇ ಕಾಲುದಾರಿಯನ್ನೇ ಹಿಡಿದು ಉತ್ತರಕ್ಕೆ ಹೋಗಿ. ಕ್ರೇಗಾಲಿಯನ್ ಎಂಬ ಸರೋವರ ಸಿಗುತ್ತದೆ. 1930ರ ದಶಕದಲ್ಲಿ ಕೆಲಸ ಕಳೆದುಕೊಂಡ ಗ್ಲಾಸ್ಗೋ, ಕ್ಲೈಡ್‌ಬ್ಯಾಂಕ್‌ನ ಕೂಲಿಗಳು ಊರು ಬಿಟ್ಟು ಬೆಟ್ಟ ಸುತ್ತಲು ಬಂದು, ಇದರ ದಡದಲ್ಲಿ ಬೆಂಕಿ ಹಾಕಿಕೊಂಡು ಕೂರುತ್ತಿದ್ದರಂತೆ. ಅದರ ನೆನಪಿಗೆ ಒಂದು ಕಲ್ಲು ನಿಲ್ಲಿಸಿದ್ದಾರೆ. ದಾರಿ ಜಲ್ಲಿ ಮಣ್ಣಿನದು, ಏರು ಕಡಿಮೆ. ಮೂರು ದಾರಿಗಳಲ್ಲಿ ನೀರೂ ಬೇಕು, ಟಯರಿಗೆ ಕೆಲಸವೂ ಬೇಕು ಅನ್ನುವವರಿಗೆ ಹೊಂದುವ ತುಂಡು ಇದೊಂದೇ.

ಇನ್ನು ಲಾಕ್ ಲೋಮಂಡ್. ಸರೋವರದ ದಕ್ಷಿಣ ತುದಿಯ ಬಾಲಕ್ ಊರಿನಲ್ಲಿ ರೈಲು ಇಳಿದರೆ ಒಂದು ಕಡೆ ಬಾಲಕ್ ಕಾಸಲ್ ಕಂಟ್ರಿ ಪಾರ್ಕ್ ಇದೆ. ಹುಲ್ಲುಹಾಸು, ದೊಡ್ಡ ಮರಗಳು, ಬುತ್ತಿ ಬಿಚ್ಚಿ ಕೂರಲು ಚೆನ್ನಾಗಿದೆ. ಸೈಕಲ್ಲಿಗೆ ಅಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ. ಸೈಕಲ್ ದಾರಿ ಇರುವುದು ಪಶ್ಚಿಮದ ದಡದಲ್ಲಿ. ಬಾಲಕ್‌ನಿಂದ ಟಾರ್ಬೆಟ್‌ವರೆಗೆ 17 ಮೈಲಿ, ಅಂದರೆ ಸುಮಾರು 27 ಕಿಲೋಮೀಟರ್.

ಮೊದಲ ಅರ್ಧದ ಬಗ್ಗೆ ಯಾರೂ ಹೇಳದ ಮಾತೊಂದಿದೆ: ಎ82 ಹೆದ್ದಾರಿಯ ಸದ್ದು. ದಾರಿ ಬಹಳ ಕಡೆ ಹೆದ್ದಾರಿಗೆ ಅಂಟಿಕೊಂಡೇ ಹೋಗುತ್ತದೆ. ಲಾರಿಗಳು ಭರ್ರೆಂದು ಹೋಗುವಾಗ ಪಕ್ಕದವರ ಮಾತು ಕೇಳುವುದಿಲ್ಲ. ಲಸ್ ಎಂಬ ಚಂದದ ಹಳ್ಳಿ ಬರುತ್ತದೆ. ಸಾಲು ಮನೆಗಳು, ಹೂಗಿಡಗಳು. ಬೇಸಿಗೆಯ ಶನಿವಾರ ಅಲ್ಲಿ ಜಾತ್ರೆ. ಸೈಕಲ್ ತಳ್ಳಿಕೊಂಡೇ ದಾಟಬೇಕು.

ಇನ್ವರ್‌ಬೆಗ್ ದಾಟಿದ ಮೇಲೆ ಆಟ ಬದಲಾಗುತ್ತದೆ. ಇಲ್ಲಿ ಹೆದ್ದಾರಿಯನ್ನು ಮೇಲಕ್ಕೆ ಸರಿಸಿ, ಹಳೆಯ ರಸ್ತೆಯನ್ನು ನಡೆಯುವವರಿಗೂ ಸೈಕಲ್‌ನವರಿಗೂ ಬಿಟ್ಟಿದ್ದಾರೆ. ಫರ್ಕಿನ್ ಪಾಯಿಂಟ್ ಹತ್ತಿರ ನೀರು ಎಷ್ಟು ಹತ್ತಿರವೆಂದರೆ ಅಲೆ ಕಲ್ಲಿಗೆ ಬಡಿಯುವುದು ಕೇಳಿಸುತ್ತದೆ. ಎದುರಿಗೆ 974 ಮೀಟರಿನ ಬೆನ್ ಲೋಮಂಡ್. ಹಳೆಯ ಡಾಂಬರಿನ ಮೇಲೆ ಎಲೆ ಬಿದ್ದಿರುತ್ತದೆ, ಕಾರಿನ ಸುಳಿವಿಲ್ಲ. ಟಾರ್ಬೆಟ್‌ನಿಂದ ಇನ್ವರ್‌ಬೆಗ್‌ಗೆ ಹತ್ತು ಕಿಲೋಮೀಟರಿಗೂ ಕಡಿಮೆ. ಈ ತುಂಡನ್ನೇ ಹೋಗಿ ಬಂದರೆ ಲೋಮಂಡ್ ನೋಡಿದ ಹಾಗೆಯೇ ಲೆಕ್ಕ. ಪೂರ್ತಿ ಓಡಿಸುವ ಹಟ ಇದ್ದರೆ ಬಾಲಕ್‌ನಿಂದ ಉತ್ತರಕ್ಕೆ ಹೊರಡಿ. ಇಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುತ್ತದೆ, ಬೆನ್ನಿಗಿರುತ್ತದೆ. ವಾಪಸ್ಸು ಬರಲು ಆರೊಖರ್-ಟಾರ್ಬೆಟ್ ನಿಲ್ದಾಣವಿದೆ, ಆದರೆ ವೆಸ್ಟ್ ಹೈಲ್ಯಾಂಡ್ ರೈಲುಗಳು ದಿನಕ್ಕೆ ಬೆರಳೆಣಿಕೆಯಷ್ಟು. ಸೈಕಲ್ಲಿಗೆ ಜಾಗವೂ ಕಡಿಮೆ. ಮೊದಲೇ ಕಾದಿರಿಸಿ.

ಕ್ಯಾಟ್ರಿನ್‌ಗೆ ರೈಲಿಲ್ಲ, ಅದೇ ಅದರ ದೊಡ್ಡ ಕೊರತೆ. ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ಟ್ರೋಸಾಕ್ಸ್ ದಕ್ಕೆಗೆ ಹೋಗಬೇಕು. ಅಲ್ಲಿಂದ ಉತ್ತರದ ದಡ ಹಿಡಿದು ಸ್ಟ್ರೊನಾಕ್ಲಾಖರ್‌ವರೆಗೆ ಸುಮಾರು 21 ಕಿಲೋಮೀಟರ್ ಡಾಂಬರು ದಾರಿ. ಜಲಮಂಡಳಿಯ ರಸ್ತೆಯಾದ್ದರಿಂದ ಹೊರಗಿನವರ ಕಾರುಗಳಿಗೆ ಪ್ರವೇಶವಿಲ್ಲ. ಈ ಸರೋವರವೇ ಗ್ಲಾಸ್ಗೋದ ಕುಡಿಯುವ ನೀರು. 1859ರಲ್ಲಿ ವಿಕ್ಟೋರಿಯಾ ರಾಣಿ ಉದ್ಘಾಟಿಸಿದ ಕಾಲುವೆ-ಸುರಂಗಗಳಲ್ಲಿ ನೀರು ಪಂಪಿನ ಹಂಗಿಲ್ಲದೆ, ಬರೀ ಇಳಿಜಾರಿನಲ್ಲಿ, ಮಲ್ಗೈವರೆಗೆ ಹರಿದು ಬರುತ್ತದೆ. ಮಗ್ಡಾಕ್ ಸವಾರಿಗೆ ನಾವು ಬಾಟಲಿಗೆ ತುಂಬಿಕೊಳ್ಳುವುದೂ ಇದೇ ನೀರನ್ನೇ.

ದಡದ ದಾರಿ ಅಂದರೆ ಸಮತಟ್ಟು ಅಂದುಕೊಂಡು ಬರಬೇಡಿ. ಏರಿಳಿತ ಮುಗಿಯುವುದೇ ಇಲ್ಲ. ಒಂದು ದಿಬ್ಬ ಹತ್ತಿ ಇಳಿದು ಉಸಿರು ಬಿಡುವಷ್ಟರಲ್ಲಿ ಮುಂದಿನದು. ಮೌಂಟನ್ ಬೈಕಿನ ಸಣ್ಣ ಗೇರುಗಳು ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತವೆ, ದಪ್ಪ ಟಯರಲ್ಲ. ಇಳಿಜಾರಿನ ಬುಡದಲ್ಲಿ ಕುರಿಗಳು ರಸ್ತೆ ಮಧ್ಯೆ ಮಲಗಿರುತ್ತವೆ, ಜೋಕೆ. ಸರೋವರದ ತುದಿಯಲ್ಲಿ ಗ್ಲೆನ್‌ಗೈಲ್. ಸ್ಕಾಟ್ಲೆಂಡಿನ ಜನಪದ ವೀರ ರಾಬ್ ರಾಯ್ ಮ್ಯಾಕ್‌ಗ್ರೆಗರ್ 1671ರಲ್ಲಿ ಹುಟ್ಟಿದ್ದು ಅಲ್ಲೇ.

ಟಯರಿನ ಗಾಳಿಯ ವಿಷಯ. ನನ್ನ ತೂಕಕ್ಕೆ ಮಗ್ಡಾಕ್‌ನಲ್ಲಿ 25 ಪಿಎಸ್‌ಐ ಆಸುಪಾಸು, ಕ್ಯಾಟ್ರಿನ್, ಲೋಮಂಡ್‌ಗೆ 45. ಕೆಸರಿಗೆಂದು ಇಳಿಸಿದ ಗಾಳಿಯಲ್ಲೇ ಡಾಂಬರಿನ ಮೇಲೆ ಹೊರಟರೆ ಸೈಕಲ್ಲನ್ನು ಯಾರೋ ಹಿಂದಿನಿಂದ ಎಳೆದಂತಿರುತ್ತದೆ. ಖರ್ಚಿನಲ್ಲೂ ವ್ಯತ್ಯಾಸವಿದೆ. ಮಗ್ಡಾಕ್‌ಗೆ ಹೋಗುವುದು ಅಗ್ಗ, ಬಂದ ಮೇಲಿನದು ದುಬಾರಿ. ಅಲ್ಲಿನ ಮರಳು ಬೆರೆತ ಕೆಸರು ಚೈನನ್ನೂ ಬ್ರೇಕ್ ಪ್ಯಾಡನ್ನೂ ತಿಂದುಹಾಕುತ್ತದೆ. ಸುಮ್ನೆ ಒರೆಸಿಟ್ಟರೆ ಆಗದು, ಅವತ್ತೇ ತೊಳೆದು ಎಣ್ಣೆ ಹಾಕಬೇಕು. ಮಿಜ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯಂತೂ ಮೂರೂ ಕಡೆ ಇದೆ. ಗಾಳಿಯಿಲ್ಲದ, ಮೋಡ ಕವಿದ ಸಂಜೆ ನಿಂತ ಕೂಡಲೇ ಮುತ್ತುತ್ತದೆ. ಹಾಗಾಗಿ ಪಂಕ್ಚರ್ ಹಾಕುವುದಿದ್ದರೆ ಬಯಲಿಗೆ, ಗಾಳಿ ಆಡುವ ಕಡೆಗೆ, ಸೈಕಲ್ ತಳ್ಳಿಕೊಂಡು ಹೋಗಿ ಹಾಕಿ. ಜಂಪು, ಕಟ್ಟಿದ ತಿರುವು ಬೇಕು ಅನ್ನುವ ಹುಡುಗರಿಗೆ ಈ ಮೂರೂ ಸಾಲದು. ಊರಿನ ದಕ್ಷಿಣಕ್ಕೆ ಕ್ಯಾತ್‌ಕಿನ್ ಬ್ರೇಸ್ ಇದೆ, 2014ರ ಕಾಮನ್‌ವೆಲ್ತ್ ಕ್ರೀಡಾಕೂಟದ ಮೌಂಟನ್ ಬೈಕ್ ಸ್ಪರ್ಧೆಗೆ ಕಟ್ಟಿದ್ದು. ಅಲ್ಲಿ ಸರೋವರ ಇಲ್ಲ ಅಷ್ಟೆ.

ಊರಿಂದ ಅಪ್ಪ ಅಮ್ಮ ಬಂದಿದ್ದಾಗ ಮಾತ್ರ ಕ್ಯಾಟ್ರಿನ್‌ಗೆ ಸಮ ಇಲ್ಲ. ಸರ್ ವಾಲ್ಟರ್ ಸ್ಕಾಟ್ ಎಂಬ, 1899ರಲ್ಲಿ ನೀರಿಗಿಳಿದ ಹಡಗು ಅಲ್ಲಿದೆ. ಅದರ ಜೊತೆಗೆ ಬೇರೆ ದೋಣಿಯೂ ಓಡುತ್ತದೆ. ಸ್ಟ್ರೊನಾಕ್ಲಾಖರ್‌ಗೆ ಹೋಗುವ ದೋಣಿ ಯಾವುದು, ಎಷ್ಟು ಹೊತ್ತಿಗೆ ಅಂತ ನೋಡಿ, ಸೈಕಲ್ಲಿಗೂ ಸೇರಿಸಿ ಟಿಕೆಟ್ ಮಾಡಿಸಿ. ಹೋಗುವಾಗ ಎಲ್ಲರೂ ದೋಣಿಯಲ್ಲಿ ಹೋಗಿ, ಆಚೆ ದಡದಲ್ಲಿ ಚಹಾ ಕುಡಿದು, ಅವರನ್ನು ದೋಣಿಗೇ ಹತ್ತಿಸಿ ನೀವು ಸೈಕಲ್ ಏರಿ. ಅವರೇ ಮೊದಲು ತಲುಪುತ್ತಾರೆ. ಕಾರಿನ ಕೀಲಿ ಅಪ್ಪನ ಕೈಗೆ ಕೊಟ್ಟಿರಿ, ಸ್ವೆಟರು ಡಿಕ್ಕಿಯಲ್ಲೇ ಇರುತ್ತದೆ.